ಅವ್ವ ಬರುವ ಪ್ರಯೋಗ

ಅಫಜಲಪುರದಲ್ಲಿ, ಆಮೇಲೆ ಜೇವರ್ಗಿಯಲ್ಲಿ ಸಣ್ಣ ತರಗತಿಯ ಮಕ್ಕಳ ಮೂಗು ಒರೆಸಿ, ಆಳಂದ ತಾಲೂಕಿಗೆ ವರ್ಗವಾಗಿ ಬಂದಾಗ ನನಗೊಂದು ಹಟವಿತ್ತು. ಹೇಳಿದ್ದಕ್ಕೆಲ್ಲ ಹೂಂ ಅನ್ನುವ ಚಾಳಿಯನ್ನು ಈ ಮಕ್ಕಳಿಂದ ಬಿಡಿಸಬೇಕು. ಒಮ್ಮೆ ಸಿಟ್ಟು ಬಂದು "ಆಕಳಿಗೆ ರೆಕ್ಕಿ ಇರ್ತಾವ" ಅಂದೆ. "ಹೌದ್ರಿ ಅಕ್ಕೋರೆ" ಎಂದು ಇಡೀ ಕೋಣೆ ಕೂಗಿತು. ಹಣೆ ಹಣೆ ಬಡಿದುಕೊಂಡೆ.

ಆಗ ಕೈಗೆ ಸಿಕ್ಕದ್ದು ಒಂದು ದೊಡ್ಡ ಚಿತ್ರಪುಸ್ತಕ. ಅದರಲ್ಲಿ ಕಿಟಕಿಯಲ್ಲಿಟ್ಟ ರೊಟ್ಟಿ ದಿನವೂ ಮಾಯವಾಗುತ್ತದೆ. ಒಯ್ದದ್ದು ಕಾಗೆ ಎಂದು ಒಬ್ಬ ಹುಡುಗಿ ಅಂದಾಜು ಮಾಡುತ್ತಾಳೆ. ಬೂದಿ ಹರಡಿ ಕಾಯುತ್ತಾಳೆ. ಬೂದಿಯಲ್ಲಿ ಮೂಡಿದ ಹೆಜ್ಜೆ ಕಾಗೆಯದಲ್ಲ, ಹಾಗಾಗಿ ಅಂದಾಜು ಬದಲಿಸುತ್ತಾಳೆ. ಅಕ್ಷರ ಕಡಿಮೆ, ಚಿತ್ರವೇ ಎಲ್ಲ. ಪುಟ ತಿರುವುವ ಮೊದಲು ನಿಲ್ಲಿಸಿ "ಮುಂದ ಏನಾಗ್ತದ?" ಎಂದು ಕೇಳುತ್ತಿದ್ದೆ. ತಪ್ಪು ಹೇಳಿದವರಿಗೂ ಚಪ್ಪಾಳೆ ಹಾಕಿಸುತ್ತಿದ್ದೆ. ಮೆಲ್ಲಗೆ ಮಕ್ಕಳಿಗೆ ರುಚಿ ಹತ್ತಿತು. ಒಬ್ಬ ಕಿಡಿಗೇಡಿ ನನ್ನ ಬ್ಯಾಗಿನಲ್ಲಿ ತನ್ನ ಚಪ್ಪಲಿ ತುರುಕಿದ. ಚೆನ್ನಾಗಿ ಬೈದೆ. "ಅಕ್ಕೋರು ಬೈತಾರ ಅಂತ ಅಂದಾಜ ಮಾಡಿದ್ದೆರಿ, ಖರೆ ಆತು" ಅಂದ. ಏನು ಮಾಡಲಿ, ನಕ್ಕುಬಿಟ್ಟೆ.

ಎರಡನೇ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ತೊಗರಿ ರಾಶಿ ಮುಗಿದ ಕೂಡಲೇ ಅವಳ ಅಪ್ಪ ಅವ್ವ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಹೋಗುತ್ತಿದ್ದರು. ಅವಳು ಊರಲ್ಲಿ ಅಜ್ಜಿಯ ಹತ್ತಿರ ಉಳಿಯುತ್ತಿದ್ದಳು. ಒಂದು ದಿನ ನನ್ನ ಸೆರಗು ಜಗ್ಗಿ, "ನಾನೂ ಮನ್ಯಾಗ ಒಂದು ಪ್ರಯೋಗ ಮಾಡಾಕತ್ತೇನ್ರಿ" ಅಂದಳು.

"ಏನ್ ಬೇ ಅದು?"

"ಮುಗದ ಮ್ಯಾಲೆ ಹೇಳ್ತೇನ್ರಿ."

ಕೆಲವು ದಿನ ಬಿಟ್ಟು ತಾನಾಗಿಯೇ ಎದ್ದು ನಿಂತಳು. "ನನ್ನ ಅಂದಾಜ ತಪ್ಪಾತ್ರಿ."

"ತಪ್ಪಾದ್ರ ಏನ್ ಮಾಡ್ಬೇಕು?" ಎಂದು ನಾನು ಇಡೀ ತರಗತಿಯನ್ನು ಕೇಳಿದೆ.

"ಬ್ಯಾರೆ ಅಂದಾಜ ಮಾಡ್ಬೇಕ್ರಿ!"

ಅವಳಿಗೆ ಎಲ್ಲರಿಂದ ಚಪ್ಪಾಳೆ ಹಾಕಿಸಿದೆ. ಮುಂದಿನ ವಾರ ಮತ್ತೆ ತಪ್ಪಾಯಿತು ಎಂದಳು, ಮತ್ತೆ ಚಪ್ಪಾಳೆ. ಸಾಲಿನಲ್ಲಿ ಕೂತವರಿಗೆಲ್ಲ ಇವಳನ್ನು ನೋಡಿ ಕಲೀರಿ ಅಂದೆ. ನನಗೋ ಎಲ್ಲಿಲ್ಲದ ಹಿಗ್ಗು.

ಆಮೇಲೆ ಅವಳು ಶಾಲೆಗೆ ಬರಲಿಲ್ಲ. ಎದೆಯಲ್ಲಿ ಕಫ ಕಟ್ಟಿ, ಆಳಂದದ ದವಾಖಾನೆಯಲ್ಲಿ ಮಲಗಿಸಿದ್ದಾರೆ ಎಂದು ಓಣಿಯವರು ಹೇಳಿದರು. ಶಾಲೆ ಬಿಟ್ಟೊಡನೆ ಬಸ್ಸು ಹತ್ತಿದೆ. ಮಂಚದ ಬದಿಯಲ್ಲಿ ಅಜ್ಜಿ ಕೂತಿತ್ತು. "ಯಾರ ಕಣ್ಣು ಬಿತ್ತೋ ಏನೋ ಕೂಸಿಗೆ" ಅನ್ನುತ್ತ, ನನ್ನನ್ನು ಕೂರಿಸಿ ಚಹಾ ತರಲು ಹೋಯಿತು. ಅಜ್ಜಿ ಬಾಗಿಲು ದಾಟಿದ್ದೇ ತಡ, ಹುಡುಗಿ ಕಣ್ಣು ತೆರೆದಳು.

"ಅಕ್ಕೋರೆ, ಅವ್ವ ಯಾವಾಗ ಬರ್ತಾಳ ಅಂತ ಪ್ರಯೋಗ ಮಾಡೇನ್ರಿ. ಮೊದಲ ಫೋನಿನ್ಯಾಗ ಅತ್ತು ನೋಡಿದೆ, ಬರ್ಲಿಲ್ಲ. ಆಮ್ಯಾಲೆ ಊಟ ಬಿಟ್ಟೆ. ಅಜ್ಜಿ ಹೊಡದ್ಳು, ಅವ್ವ ಬರ್ಲಿಲ್ಲ." ಏದುಸಿರು ಬಿಡುತ್ತ ನಿಲ್ಲಿಸಿದಳು. "ಹೋದ ವರ್ಷ ಜ್ವರ ಬಂದಾಗ ಬಂದಿದ್ಳಲ್ರಿ?"

ಅದಕ್ಕೇ ಸಂಜೆ ಓಣಿಯ ನೀರಿನ ಟ್ಯಾಂಕಿಯ ನಳದ ಕೆಳಗೆ ಕೂತು ಮೈ ತೋಯಿಸಿಕೊಂಡು, ಆ ಚಳಿಯಲ್ಲಿ ಒದ್ದೆ ಫ್ರಾಕಿನಲ್ಲೇ ಮಲಗಿದ್ದಳಂತೆ. ಜ್ವರ ಬರುವ ತನಕ ದಿನಾಲೂ ಹಾಗೇ. "ಅವ್ವ ಬಸ್ಸಿನ್ಯಾಗ ಅದಾಳಂತ್ರಿ" ಎಂದಾಗ ಅವಳ ಮುಖವೆಲ್ಲ ಬೆಳಕು. ಬೈಯೋಣವೆಂದರೆ ಯಾವುದಕ್ಕೆ ಬೈಯಲಿ? ಕೇಳಿದ್ದು, ಅಂದಾಜು ಮಾಡಿದ್ದು, ತಪ್ಪಾದಾಗ ಬದಲಿಸಿದ್ದು, ಎಲ್ಲ ನಾನು ಹೇಳಿಕೊಟ್ಟ ಹಾಗೇ ಇತ್ತು.

ನಾನಿನ್ನೂ ಅಲ್ಲೇ ಇದ್ದಾಗ ಅವ್ವ ಬಂದಳು. ಸೊಲ್ಲಾಪುರದ ತನಕ ನಿಂತೇ ಬಂದವಳು, ಕಾಲು ಊದಿಕೊಂಡಿದ್ದವು. ಮಗಳನ್ನು ಅವಚಿಕೊಂಡು ಅತ್ತಳು. ಅವಳ ಹೆಗಲ ಮೇಲಿಂದ ಹುಡುಗಿ ನನ್ನ ಕಡೆ ನೋಡಿ ನಕ್ಕಳು.

ಅವ್ವನನ್ನು ಹೊರಗೆ ಕರೆದು ಎಲ್ಲ ಹೇಳಿದೆ. ಅವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಸ್ವಲ್ಪ ದಿನ ಉಳಿಯವ್ವ ಅಂದೆ.

"ಹ್ಯಾಂಗ ಉಳೀಲ್ರಿ? ಸಣ್ಣವನ್ನ ಬಾಜೂದಾಕಿ ಕೈಯಾಗ ಕೊಟ್ಟು ಬಂದೇನಿ. ಇನ್ನೂ ಮೊಲಿ ಬಿಟ್ಟಿಲ್ರಿ ಅಂವ." ಅವಳ ಕುಪ್ಪಸದ ಮುಂಭಾಗ ಹಾಲಿನಿಂದ ಒದ್ದೆಯಾಗಿತ್ತು.

"ಹಂಗಾದ್ರ ಇಕಿನ್ನೂ ಕರಕೊಂಡು ಹೋಗು."

ಅವಳು ತಲೆಯೆತ್ತಿ ನೋಡಿದಳು. ಸಿಟ್ಟಿನಿಂದಲ್ಲ, ಸಿಟ್ಟಾಗಿದ್ದರೆ ಚೆನ್ನಾಗಿತ್ತು. "ಹೋದ ವರ್ಷ ಕರಕೊಂಡು ಹೊಂಟಿದ್ದೆರಿ. ಸಾಲಿ ತಪ್ಪತದ, ಬಿಟ್ಟು ಹೋಗು ಅಂತ ನೀವ ಮನಿತನಕ ಬಂದು ಹೇಳಿದ್ರಿ. ಅಲ್ಲೇನ್ರಿ? ಅಲ್ಲಿ ಸೈಟಿನ್ಯಾಗ ಬಾಯಿ ತೆರೆದ ಗುಂಡಿ ಅದಾವ. ಒಂದು ಕೂಸು ಬಿದ್ದು ಸತ್ತು ಹೋತು. ನಾ ಏನ್ ಮಾಡ್ಲಿ, ನೀವ ಹೇಳ್ರಿ, ಓದಿದವರು."

ಹೌದು, ಹೇಳಿದ್ದೆ. ಮನೆ ಮನೆ ತಿರುಗಿ ಹೇಳಿದ್ದೆ, ಈ ವರ್ಷವೂ ಹೇಳಿದ್ದೆ.

ಒಳಗೆ ಬಂದು ಅವಳು ಮಗಳ ತಲೆ ನೇವರಿಸಿದಳು. "ಲಗೂ ಆರಾಮ ಆಗು ನನ್ನ ಬಂಗಾರ. ನೀ ಆರಾಮ ಆದ ಮ್ಯಾಲೇ ನಾ ಹೋಗ್ತೇನಿ." ಸಮಾಧಾನಕ್ಕೆಂದೇ ಹೇಳಿದ ಮಾತು ಅದು. ಹುಡುಗಿಯ ನಗು ಮಾತ್ರ ಅಲ್ಲೇ ನಿಂತಿತು. ಏನೋ ಲೆಕ್ಕ ಹಾಕುತ್ತಿರುವ ಮುಖ, ಆ ಮುಖ ನನಗೆ ಚೆನ್ನಾಗಿ ಪರಿಚಯ.

ನರ್ಸು ಬಂದು ಔಷಧ ಕುಡಿಸಿ ಹೋದಳು. ಅವ್ವ ಚೀಲದಲ್ಲಿ ಏನೋ ಹುಡುಕುತ್ತಿದ್ದಳು. ಹುಡುಗಿಯ ಕೆನ್ನೆ ಉಬ್ಬಿಯೇ ಇತ್ತು. ಔಷಧ ಬಾಯಲ್ಲೇ ಇತ್ತು.

"ನುಂಗು ತಾಯಿ" ಅಂದೆ, ಕಿವಿಯ ಹತ್ತಿರ ಬಾಗಿ. ಇಲ್ಲವೆಂದು ತಲೆಯಾಡಿಸಿದಳು. ಬಾಯಿ ತುಂಬಿದ್ದರಿಂದ ಮಾತಾಡಲಾಗದು, ಸದ್ಯ ಬದುಕಿದೆ ಅಂದುಕೊಂಡೆ. ನುಂಗಿದರೆ ಅವ್ವ ಹೋಗುತ್ತಾಳಲ್ಲ ಎಂದು ಕೇಳಿದ್ದರೆ, ಹೌದು ಎನ್ನದೆ ನಾನೇನು ಹೇಳಬೇಕಿತ್ತು?

"ನಾ ಇರ್ತೇನಲ್ಲ ಇಲ್ಲಿ" ಅಂದೆ. ಆ ಮಾತು ನನ್ನ ಕಿವಿಗೇ ಕೆಲಸಕ್ಕೆ ಬಾರದ್ದು ಅನ್ನಿಸಿತು. ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ನುಂಗಿದಳು.

ಮರುದಿನ ಜ್ವರ ಇಳಿಯಿತು. ಅದರ ಮಾರನೆಯ ಬೆಳಿಗ್ಗೆ ಅವಳ ಅವ್ವ ಸೊಲ್ಲಾಪುರದ ಬಸ್ಸು ಹತ್ತಿದಳು.