ಪಾವಣೇರ ನೀರು

ಹದಿನೈದು ದಿನದ ಹಿಂದೆ ನಮ್ಮ ಹುಮನಾಬಾದಿನ ಮನೆಗೆ ನೀರು ಶುದ್ಧ ಮಾಡುವ ಯಂತ್ರ ಮಾರುವವನೊಬ್ಬ ಬಂದಿದ್ದ. ಕೊರಳಿಗೆ ಟೈ, ಬಗಲಿಗೆ ಚೀಲ. ನಮ್ಮ ಹಿತ್ತಲ ಬಾವಿಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ, ಅದರಲ್ಲಿ ಏನೇನು ಈಜಾಡುತ್ತಿದೆ ಎಂದು ವಿವರಿಸಿ ನಮ್ಮನ್ನು ಹೆದರಿಸಿದ. ಹೆದರಿಸುವುದು ಅವನ ಕೆಲಸ, ಅದಕ್ಕೆ ನನ್ನ ತಕರಾರಿಲ್ಲ. ಆಮೇಲೆ ಬಣ್ಣದ ಕಾಗದ ಹರಡಿ ಎರಡು ಮೂರು ನಮೂನೆ ತೋರಿಸಿದ. ನಮ್ಮ ಯಜಮಾನರು ಕನ್ನಡಕ ಏರಿಸಿಕೊಂಡು ಎಲ್ಲವನ್ನೂ ನೋಡಿ ಕೇಳಿದ ಮೊದಲ ಪ್ರಶ್ನೆ ಏನು ಗೊತ್ತೇ?

“ಇದು ಪಡಸಾಲ್ಯಾಗ ಹಚ್ಚಿದ್ರ ಬಂದವರಿಗಿ ಕಾಣ್ತದೇನ್ರಿ?”

ನನ್ನ ಮೈ ಉರಿದುಹೋಯಿತು. ಅವನು ಹೋದ ಮೇಲೆ ಒಳಗಿನಿಂದ ಎರಡು ಪಾತ್ರೆ ಬಿದ್ದ ಸದ್ದಾಯಿತು. ಬಿದ್ದವಲ್ಲ, ನಾನೇ ಬೀಳಿಸಿದ್ದು. ಯಜಮಾನರು “ಏನಾಯ್ತು?” ಅಂದರು. ಏನಾಯಿತು ಎಂದು ಇಷ್ಟು ವರ್ಷವಾದರೂ ಅವರಿಗೆ ತಿಳಿಯದಿದ್ದರೆ ನಾನು ಯಾರ ಮುಂದೆ ಹೇಳಲಿ? ನಿಮ್ಮ ಮುಂದೆಯೇ ಹೇಳುತ್ತೇನೆ. ಕೂತುಕೊಳ್ಳಿ.

ನಾನು ಹುಮನಾಬಾದಿನ ಮಗಳು, ಬಸವಕಲ್ಯಾಣದ ಸೊಸೆ. ನಾನು ಮದುವೆಯಾಗಿ ನಡೆಯಲು ಬಂದಾಗ ಆ ಮನೆಯಲ್ಲಿ ಮಾವನವರು, ಅತ್ತೆ, ನನ್ನ ಯಜಮಾನರು, ಮತ್ತೆ ಅವರ ತಂಗಿ ನೀಲಾ. ಮಾವನವರದು ಧಾನ್ಯದ ಅಡತಿ ಅಂಗಡಿ. ಊರಲ್ಲಿ ನಾಲ್ಕು ಜನ ಎದ್ದು ನಿಂತು ಶರಣು ಅನ್ನುವಂಥ ಮನುಷ್ಯ. ಮನೆಯ ಅಂಗಳದಲ್ಲಿ ಬಾವಿ ಇತ್ತು, ಆದರೆ ನೀರು ಸವಳು. ಬಟ್ಟೆ ಒಗೆಯಲು, ಮುಸುರೆ ತಿಕ್ಕಲು ಅದು. ಕುಡಿಯಲು ಓಣಿಯ ಕೊನೆಯ ಮೆಟ್ಟಿಲ ಬಾವಿಯ ನೀರು. ಅದನ್ನು ತರುವವಳು ನೀಲಾ. ನಾನು ತರುತ್ತೇನೆ ಎಂದರೆ ಬಿಡುತ್ತಿರಲಿಲ್ಲ. “ನೀವು ಹೊಸಬ್ರು ವೈನಿ, ಪಾಚಿ ಮ್ಯಾಲ ಜಾರ್ತೀರಿ,” ಎಂದು ನಗುತ್ತಿದ್ದಳು. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು, ಆ ಕಡಿದಾದ ಮೆಟ್ಟಿಲುಗಳನ್ನು ಹಾಡು ಗುನುಗುತ್ತ ಹತ್ತಿ ಬರುತ್ತಿದ್ದಳು. ಅವಳ ನಡಿಗೆ ನೋಡುವುದೇ ಒಂದು ಚಂದ. ಇದನ್ನು ಯಾಕೆ ಹೇಳುತ್ತಿದ್ದೇನೆಂದು ಮುಂದೆ ತಿಳಿಯುತ್ತದೆ.

ಆಗ ನಮ್ಮ ಮನೆಯಲ್ಲಿ ನೀರು ಶುದ್ಧ ಮಾಡುವ ಸಾಧನವೆಂದರೆ ಮಾವನವರ ಹಳೇ ಧೋತರದ ತುಂಡು. ಅದನ್ನು ಎರಡು ಪದರ ಮಡಚಿ ತಾಮ್ರದ ಹಂಡೆಯ ಬಾಯಿಗೆ ಕಟ್ಟುವುದು, ತಂದ ನೀರನ್ನೆಲ್ಲ ಅದರ ಮೇಲೆ ಸುರಿಯುವುದು. ಲಿಂಗಪೂಜೆಗೆ ತೆಗೆದಿಡುವ ನೀರಿಗೆ ಬೇರೆ ಬಟ್ಟೆ, ಅದನ್ನು ನಾವು ಯಾರೂ ಮುಟ್ಟುವಂತಿರಲಿಲ್ಲ. ದಿನಾ ಸೋಸುವುದು, ದಿನಾ ಬಟ್ಟೆ ತೊಳೆದು ಬಿಸಿಲಿಗೆ ಹಾಕುವುದು. ಬೇಸರದ ಕೆಲಸ. ನನಗೆ ಅದರ ಮೇಲೆ ಅಂಥ ಗೌರವವೇನೂ ಇರಲಿಲ್ಲ.

ಹೀಗಿರುವಾಗ ಮಾವನವರು ಯಾರದೋ ಮನೆಗೆ ಹೋಗಿ ಬಂದರು. ಭಾಲ್ಕಿಯ ಕಡೆಯ ದೊಡ್ಡ ಮನೆ. ಅಲ್ಲಿ ಪಡಸಾಲೆಯಲ್ಲಿ ಸ್ಟೀಲಿನ ಫಿಲ್ಟರ್ ಇತ್ತಂತೆ. ನಳ ತಿರುಗಿಸಿ ನೀರು ಕೊಟ್ಟರಂತೆ. ಅವತ್ತಿನಿಂದ ಅವರಿಗೆ ನಮ್ಮ ನೀರು ರುಚಿಸಲಿಲ್ಲ. ನೀಲಾಗೆ ವರ ನೋಡುವ ಕಾಲ ಬೇರೆ. “ನಾಳೆ ಪಾವಣೇರು ಬಂದ್ರ ಹಂಡ್ಯಾಗಿನ ನೀರು ತಂಬಗ್ಯಾಗ ಅದ್ದಿ ಕೊಡೂದೇನು? ನಮ್ಮ ಇಜ್ಜತ್ ಏನ್ ಉಳೀತದ?” ಎಂದರು. ಪಾವಣೇರು ಎಂದರೆ ಮನೆಗೆ ಬರುವ ನೆಂಟರಿಷ್ಟರು. ನಮ್ಮ ಕಡೆ ಅವರಿಗಿರುವ ಮರ್ಯಾದೆ ದೇವರಿಗೂ ಸ್ವಲ್ಪ ಕಡಿಮೆಯೇ.

ಫಿಲ್ಟರ್ ಆರಿಸಲು ಹುಮನಾಬಾದಿಗೆ ಬಂದೆವು. ನನ್ನನ್ನೂ ಕರೆದುಕೊಂಡರು, ತವರಿಗೆ ಮುಖ ತೋರಿಸಿ ಬಂದಂತಾಗುತ್ತದೆ ಎಂದು. ಬಜಾರಿನ ಪಾತ್ರೆ ಅಂಗಡಿಯವನು ಮಣ್ಣಿನದು, ಹಿತ್ತಾಳೆಯದು, ಸ್ಟೀಲಿನದು ಎಲ್ಲವನ್ನೂ ಇಳಿಸಿ ಸಾಲಾಗಿ ಇಟ್ಟ. ಇಟ್ಟು ಒಳ್ಳೆಯ ಪ್ರಶ್ನೆಯನ್ನೇ ಕೇಳಿದ.

“ಸಾವ್ಕಾರ್ರ, ಮನ್ಯಾಗ ಕುಡಿಯೋ ಮಂದಿ ಎಷ್ಟ್ ಇದ್ದೀರಿ?”

“ಮನಿ ಮಂದಿ ಮಾತ್ ಬಿಡ್ರಿ,” ಎಂದರು ಮಾವನವರು. “ಬರ್ತಾರ, ಹೋಗ್ತಾರ, ಅವ್ರ ಕಣ್ಣಿಗಿ ಬರೋಬರಿ ಕಾಣ್ಬೇಕು.”

ಅಂಗಡಿಯವನು ಎಲ್ಲಕ್ಕಿಂತ ಹೆಚ್ಚು ಹೊಳೆಯುವುದನ್ನು ಮುಂದೆ ತಳ್ಳಿದ. ಅದೇ ಪಸಂದ್ ಆಯಿತು. ಒಳಗೆ ಎರಡು ಕ್ಯಾಂಡಲ್ಲು. ನೀವು ನೋಡಿರುತ್ತೀರಿ, ಬಿಳಿಯ, ಗಟ್ಟಿಯಾದ, ಮೊಂಡು ತುದಿಯ ಕೊಳವೆಗಳು. ಮೇಲೆ ಸುರಿದ ನೀರು ಅವುಗಳ ಮೂಲಕ ಇಳಿದು ಕೆಳಗೆ ತೊಟ್ಟಿಕ್ಕುತ್ತದೆ. ಬಸ್ಸಿನಲ್ಲಿ ಮಾವನವರು ಆ ಫಿಲ್ಟರನ್ನು ಕಲ್ಯಾಣದವರೆಗೂ ತೊಡೆಯ ಮೇಲೆ ಇಟ್ಟುಕೊಂಡೇ ಬಂದರು. ತಮ್ಮ ಮಕ್ಕಳನ್ನು ಹಾಗೆ ಎಂದಾದರೂ ಕೂರಿಸಿಕೊಂಡಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.

ಮನೆಯಲ್ಲಿ ಅತ್ತೆ ಕ್ಯಾಂಡಲ್ಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಬಿಳಿ, ಗಟ್ಟಿ, ಸಣ್ಣ ಸಣ್ಣ ತೂತು. ಥಟ್ಟನೆ ಕೆಳಗಿಟ್ಟು ಕೈ ತೊಳೆದುಕೊಂಡರು.

“ಇದು ಎಲುಬು ಅದ!”

ಲಿಂಗ ಕಟ್ಟಿದವರ ಮನೆಯಲ್ಲಿ ಎಲುಬಿನ ಮೂಲಕ ಸೋಸಿದ ನೀರು! ಮಾವನವರು ಮಣ್ಣು ಎಂದರು, ಅಂಗಡಿಯವನು ಹಾಗೆ ಹೇಳಿದ್ದಾನೆ ಎಂದರು. “ಮಾರಾವ ಎಲುಬು ಅಂತ ಹೇಳ್ತಾನೇನ್ರಿ?” ಎಂದರು ಅತ್ತೆ. ಕೊನೆಗೆ ಅವರೇ ಪರೀಕ್ಷೆ ಹೇಳಿದರು. ಎಲುಬನ್ನು ಬೆಂಕಿಗೆ ಹಾಕಿದರೆ ವಾಸನೆ ಬಂದೇ ಬರುತ್ತದೆ, ಮಣ್ಣಾದರೆ ಬರುವುದಿಲ್ಲ. ಸರಿ, ಹೊಸ ಕ್ಯಾಂಡಲ್ಲು ಒಲೆಯ ಕೆಂಡದೊಳಗೆ ಹೋಯಿತು. ನಾವೆಲ್ಲ ಸುತ್ತ ಕೂತು ಮೂಗು ಅರಳಿಸಿದೆವು. ಮೊದಲು ಅದರ ಬುಡಕ್ಕೆ ಅಂಟಿಸಿದ ಟೋಪಿ ಸುಟ್ಟು ಕಮಟು ಹೊಗೆ ಎದ್ದಿತು, ಅತ್ತೆ “ನೋಡ್ರಿ! ನೋಡ್ರಿ!” ಎಂದು ಕೂಗಿದರು. ಅದು ಅಂಟಿನ ವಾಸನೆ ಎಂದು ಮಾವನವರು ಕೂಗಿದರು. ನೀಲಾ ಮತ್ತು ನಾನು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದೆವು. ಹೊಗೆ ಕರಗಿದ ಮೇಲೆ ಬೇರೆ ಯಾವ ವಾಸನೆಯೂ ಬರಲಿಲ್ಲ. ಕ್ಯಾಂಡಲ್ಲು ಸತ್ಯವಂತವೆಂದು ಸಾಬೀತಾಯಿತು, ಮತ್ತು ಎರಡು ಹೋಳಾಯಿತು.

ಉಳಿದದ್ದು ಒಂದೇ. ಇನ್ನೊಂದರ ತೂತಿಗೆ ಮಾವನವರು ಔಷಧದ ಶೀಶೆಯ ಬೂಚು ಬಡಿದರು. ಹುಮನಾಬಾದಿನಿಂದ ಮತ್ತೊಂದು ಕ್ಯಾಂಡಲ್ಲು ತರಬಹುದಿತ್ತು. ಅಲ್ಲಿ ನನ್ನ ತವರಿತ್ತು, ದಿನಾ ಬಸ್ಸಿತ್ತು, ಅಡತಿಯ ಆಳುಗಳು ವಾರಕ್ಕೊಮ್ಮೆ ಹೋಗಿ ಬರುತ್ತಿದ್ದರು. ನಾನು ಎರಡು ಸಲ ನೆನಪಿಸಿದೆ. “ಒಂದ್ ಸಾಕ್ ಬಿಡವ್ವಾ,” ಎಂದರು ಮಾವನವರು. ಒಂದೇ ಕ್ಯಾಂಡಲ್ಲಿನಿಂದ ಬೆಳಗಿನಿಂದ ಸಂಜೆಯವರೆಗೆ ತೊಟ್ಟಿಕ್ಕಿದರೂ ಬೀಳುವುದು ಎರಡು ಮೂರು ತಂಬಿಗೆ. ಹಾಗಾಗಿ ನಿಯಮವಾಯಿತು: ಫಿಲ್ಟರ್ ನೀರು ಪಾವಣೇರಿಗೆ ಮಾತ್ರ.

ಇಷ್ಟಕ್ಕೇ ನಿಂತಿದ್ದರೆ ನಾನು ಆ ದಿನ ಪಾತ್ರೆ ಬೀಳಿಸುತ್ತಿರಲಿಲ್ಲ. ಒಂದು ದಿನ ಅಂಗಡಿಯ ಕಡೆಯ ಯಾರೋ ಒಳಗೆ ಬಂದವರು ಹಂಡೆಗೆ ಕಟ್ಟಿದ ಧೋತರದ ತುಂಡು ನೋಡಿ ನಕ್ಕರಂತೆ. ಮಾವನವರು ಅಡುಗೆಮನೆಯ ಬಾಗಿಲಿಗೆ ಬಂದು, “ಫಿಲ್ಟರ್ ಇದ್ದ ಮನ್ಯಾಗ ಈ ಅರಿವಿ ಯಾಕ? ತೆಗೀರಿ,” ಎಂದರು. ತೆಗೆದೆವು. ಪೂಜೆಯ ನೀರಿನ ಬಟ್ಟೆಯನ್ನು ಮಾತ್ರ ಅತ್ತೆ ಬಿಡಲಿಲ್ಲ. ಈಗ ನೀವೇ ಲೆಕ್ಕ ಹಾಕಿ. ಲಿಂಗಕ್ಕೆ ಸೋಸಿದ ನೀರು. ಬಂದವರಿಗೆ ಫಿಲ್ಟರ್ ನೀರು. ಮನೆಯ ಜನಕ್ಕೆ ಬಾವಿಯಲ್ಲಿ ಇದ್ದದ್ದು ಇದ್ದ ಹಾಗೆ. ಆ ಬಾವಿಯಲ್ಲಿ ಊರ ಅರ್ಧ ಜನ ಮೊಣಕಾಲುದ್ದ ಇಳಿದು ಕೊಡ ಮುಳುಗಿಸುತ್ತಿದ್ದರು. ಶುದ್ಧೀಕರಣದ ಯಂತ್ರ ಬಂದ ದಿನದಿಂದ ನಮ್ಮ ಮನೆಯವರು ಕುಡಿಯುವ ನೀರು ಮೊದಲಿಗಿಂತ ಹೊಲಸಾಯಿತು, ಮತ್ತು ಅದನ್ನು ಯಾರೂ ಗಮನಿಸಲಿಲ್ಲ. ಎಲ್ಲರೂ ಫಿಲ್ಟರಿನ ಹೊಳಪನ್ನೇ ನೋಡುತ್ತಿದ್ದರು. ಅತ್ತೆ ಅದಕ್ಕೆ ಕಸೂತಿಯ ಮುಸುಕು ಬೇರೆ ಹೊಲಿಸಿದ್ದರು.

ಮುಂದಿನ ವರ್ಷದ ಬೇಸಿಗೆಯಲ್ಲಿ ನೀಲಾಳ ಎಡಪಾದದ ಕೀಲಿನ ಹತ್ತಿರ ಒಂದು ಬೊಕ್ಕೆ ಎದ್ದಿತು. ಬೆಂಕಿ ಇಟ್ಟಂಥ ಉರಿ. ಬೊಕ್ಕೆ ಒಡೆದಾಗ ಬಿಳಿಯ ದಾರದಂಥದ್ದು ತುದಿ ತೋರಿಸಿತು. ನಾರುಹುಣ್ಣು. ನಮ್ಮ ಸೀಮೆಯ ಹಳಬರಿಗೆ ಹೆಸರು ಹೇಳಿದರೆ ಸಾಕು, ಮೈ ಜುಮ್ಮೆನ್ನುತ್ತದೆ. ಮೈಯೊಳಗೆ ಗೇಣುಗಟ್ಟಲೆ ಬೆಳೆದ ಹುಳು. ಅದನ್ನು ಎಳೆಯುವಂತಿಲ್ಲ, ಸಣ್ಣ ಕಡ್ಡಿಗೆ ದಿನಾ ಒಂದಿಷ್ಟು ಸುತ್ತುತ್ತಾ ಸುತ್ತುತ್ತಾ ಹೊರಗೆ ತೆಗೆಯಬೇಕು. ನಡುವೆ ಹರಿದರೆ ಕಾಲು ಕೆಟ್ಟಿತು.

ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಪಟ್ಟಿ ಕಟ್ಟುತ್ತಾ, “ಹೋದ ವರ್ಷ ಕುಡಿದ ನೀರಿನಾಗಿಂದು ಇದು. ಈಗ ಹೊರಗ ಬರಾಕತ್ತದ. ದಪ್ಪ ಅರಿವ್ಯಾಗ ಸೋಸಿ ಕುಡಿದಿದ್ರೂ ಸಾಕಿತ್ತಲ್ಲವಾ, ಸೋಸಂಗಿಲ್ಲೇನು ನೀವು?” ಎಂದರು. ನಮ್ಮ ಮನೆಯಲ್ಲಿ ಫಿಲ್ಟರ್ ಇದೆ ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಮನೆಗೆ ಬಂದವಳೇ ಯಾರನ್ನೂ ಕೇಳದೆ ಹಂಡೆಗೆ ಬಟ್ಟೆ ಕಟ್ಟಿದೆ.

ಅದೇ ವಾರ ಭಾಲ್ಕಿಯಿಂದ ಹೆಣ್ಣು ನೋಡಲು ಬರುತ್ತೇವೆಂದು ಸುದ್ದಿ ಬಂತು. ಮುಂದೆ ಹಾಕಿ ಎಂದು ನಾನು ಅತ್ತೆಯ ಮುಂದೆ ಬೇಡಿಕೊಂಡೆ. ಯಜಮಾನರಿಗೂ ಹೇಳಿದೆ. ಅವರು ಅಪ್ಪನ ಮುಖ ನೋಡಿದರು. ಅಪ್ಪನ ಮುಖದಲ್ಲಿ ಏನು ಕಂಡಿತೋ, ಚಪ್ಪಲಿ ಮೆಟ್ಟಿ ಅಂಗಡಿಗೆ ನಡೆದರು. ಬಂದವರಿಗೆ ನಾರುಹುಣ್ಣಿನ ಸುದ್ದಿ ತಿಳಿಯಬಾರದು, ಅಷ್ಟೇ ಮಾತು. “ಸೀರಿ ಜರಾ ಇಳಿಸಿ ಉಡಿಸವ್ವಾ, ಪಟ್ಟಿ ಕಾಣಬಾರ್ದು,” ಎಂದರು ಅತ್ತೆ. ನಾನು ಉಡಿಸುತ್ತಿದ್ದರೆ ನೀಲಾ ಗೋಡೆ ಹಿಡಿದು ನಿಂತಿದ್ದಳು.

“ವೈನಿ, ಕೂತೇ ಮಾತಾಡ್ತೀನಿ ಅಂದ್ರ ನಡೀತದೇನು?”

ನಡೆಯುವುದಿಲ್ಲ. ಹೆಣ್ಣು ನೋಡುವುದೆಂದರೆ ಹೆಣ್ಣಿನ ನಡಿಗೆ ನೋಡುವುದು. ನೀರಿನ ತಟ್ಟೆ ಹಿಡಿದು ಅವಳೇ ಬರಬೇಕು. ತಟ್ಟೆಯ ತುಂಬ ಗ್ಲಾಸು, ಗ್ಲಾಸಿನ ತುಂಬ ಫಿಲ್ಟರಿನ ನೀರು. ಇಡೀ ಬದುಕು ಆ ಮನೆಗೆ ನೀರು ಹೊತ್ತವಳು ಆ ನೀರನ್ನು ಒಂದು ಗುಟುಕೂ ಕುಡಿದಿರಲಿಲ್ಲ. ಅಡುಗೆಮನೆಯ ಹೊಸ್ತಿಲು ದಾಟುವಾಗ ಇಳಿಬಿಟ್ಟ ಸೀರೆಯ ಅಂಚು ಪಟ್ಟಿಯೊಳಗಿನ ಕಡ್ಡಿಗೆ ಸಿಕ್ಕಿತು. ಅವಳ ಮುಖ ಬೆಳ್ಳಗಾದದ್ದನ್ನು ನಾನು ಬಾಗಿಲ ಸಂದಿಯಿಂದ ಕಂಡೆ. ಒಂದು ಹನಿ ಚೆಲ್ಲಲಿಲ್ಲ ಅವಳು. ಎಲ್ಲರಿಗೂ ಕೊಟ್ಟಳು. ಬಂದವರಲ್ಲಿ ಹಿರಿಯರೊಬ್ಬರು ಗಟಗಟ ಕುಡಿದು, “ನೀರ್ ಭಾಳ ಛಲೋ ಅವ ಬಿಡ್ರಿ ನಿಮ್ಮಲ್ಲಿ,” ಎಂದರು. ಮಾವನವರು ಮೀಸೆಯಲ್ಲೇ ನಕ್ಕರು.

ಒಳಗೆ ಬಂದು ಕುಸಿದಳು. ಪಟ್ಟಿ ಬಿಚ್ಚಿದರೆ ಹುಳು ಹರಿದಿತ್ತು.

ಆಮೇಲಿನದು ಹೇಳಲು ನನಗೆ ಇಷ್ಟವಿಲ್ಲ. ಬಾವು, ಕೀವು, ಜ್ವರ, ಮೂರು ತಿಂಗಳು ಹಾಸಿಗೆ. ಎದ್ದಾಗ ಕೀಲು ಮಡಚುತ್ತಿರಲಿಲ್ಲ. ಭಾಲ್ಕಿಯವರು ಹುಡುಗಿಯ ಕಾಲಲ್ಲಿ ಊನವಿದೆ ಎಂದು ಹೇಳಿ ಕಳಿಸಿದರು. ಆ ಮಾತು ಬಂದ ದಿನ ನಾನು, ಮಾವನವರ ಎದುರು ತಲೆಯೆತ್ತದ ಸೊಸೆ, ಪಡಸಾಲೆಗೆ ಹೋಗಿ ನಿಂತೆ.

“ಮಾವಾರ, ಊನ ಅಕಿ ಕಾಲಾಗಿಲ್ಲ. ಈ ಮನ್ಯಾಗ ಅದ. ನೀರ್ ತಂದಾಕಿಗಿ ಒಂದ್ ಗ್ಲಾಸ್ ನೀರ್ ಕೊಡ್ಲಿಲ್ಲ ನಾವು.”

ಅವರಿಗೆ ಸಿಟ್ಟು ಬರಲಿಲ್ಲ, ನಿಜವಾಗಿ ಆಶ್ಚರ್ಯವಾಯಿತು. “ಮನಿ ಮಂದಿ ಇಷ್ಟ್ ವರ್ಷ ಅದೇ ನೀರ್ ಕುಡಿದು ಬದುಕಿಲ್ಲೇನವ್ವಾ?” ಎಂದರು. ಕೆಟ್ಟ ಮನುಷ್ಯರಲ್ಲ ಅವರು. ಅದೇ ನನ್ನನ್ನು ಇವತ್ತಿಗೂ ಉರಿಸುವುದು. ಕೆಟ್ಟವರಾಗಿದ್ದರೆ ಬೈದು ಮುಗಿಸಬಹುದಿತ್ತು. ಮನೆಯವರು ಎಂದರೆ ಹೇಗೂ ಇರುವವರು, ಯಾವ ನೀರಾದರೂ ಕುಡಿಯುವವರು ಎಂದು ಅವರು ಮನಸ್ಫೂರ್ತಿಯಾಗಿ ನಂಬಿದ್ದರು.

ನೀಲಾಳನ್ನು ಮಂಠಾಳದ ಒಕ್ಕಲುತನದ ಮನೆಗೆ ಕೊಟ್ಟರು. ಒಳ್ಳೆಯ ಜನ. ಮಾವನವರು, ಅತ್ತೆ ತೀರಿಕೊಂಡ ಮೇಲೆ ನಾವು ಹುಮನಾಬಾದಿಗೆ ಬಂದೆವು. ಅವಳು ವರ್ಷಕ್ಕೆ ಒಂದೆರಡು ಸಲ ಬರುತ್ತಾಳೆ, ಕಾಲೆಳೆದುಕೊಂಡು ಬಸ್ಸಿಳಿಯುತ್ತಾಳೆ.

ಇತ್ತ ನಮ್ಮ ಯಂತ್ರದ ಕಥೆ ಮುಗಿಸುತ್ತೇನೆ. ಯಜಮಾನರು ಅದನ್ನು ಕೊಂಡರು. ಎಲ್ಲಿ ಹಚ್ಚುವುದು ಎಂದಾಗ ನಾನು ಅಡುಗೆಮನೆ ಎಂದೆ. ಯಜಮಾನರು ಕರೆಂಟಿನ ಪ್ಲಗ್ಗು ಇರುವುದು ಪಡಸಾಲೆಯಲ್ಲಿ ಎಂದರು. ಪ್ಲಗ್ಗಿನ ಮಾತು ಖರೆಯೇ. ಪಡಸಾಲೆಯ ಗೋಡೆಗೆ, ಬಾಗಿಲಿನಿಂದ ಬಂದ ಕೂಡಲೇ ಕಾಣುವಂತೆ, ಮೊಳೆ ಹೊಡೆದಾಯಿತು. ನಾನು ಒಲೆಯ ಮುಂದೆ ಇರುವವಳು, ಬಾಯಾರಿದರೆ ಪಕ್ಕದ ಕೊಡದಿಂದ ಬಟ್ಟೆಯಲ್ಲಿ ಸೋಸಿದ ನೀರು ಕುಡಿಯುವವಳು. ಪಡಸಾಲೆಗೆ ಹೋಗಿ ನೀರು ಕುಡಿಯುವ ರೂಢಿ ನನಗೆ ಎಂದೂ ಇರಲಿಲ್ಲ. ಯಂತ್ರ ಬಂದು ಎಂಟು ದಿನವಾದರೂ ನಾನು ಅದರ ನೀರಿನ ರುಚಿ ಕಂಡಿರಲಿಲ್ಲ. ಹಟವೂ ಇತ್ತು ಎನ್ನಿ.

ನಿನ್ನೆ ನೀಲಾ ಬಂದಳು. ಯಜಮಾನರು ಸಂಭ್ರಮದಿಂದ ಎದ್ದು, ತಂಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಗುಂಡಿ ಒತ್ತಿ, ಗ್ಲಾಸು ತುಂಬಿಸಿ ತಾವೇ ತಂದುಕೊಟ್ಟರು. “ಕುಡಿ, ಕುಡಿ. ಹ್ಯಾಂಗದ ಹೇಳು.”

ಅವಳು ಗ್ಲಾಸನ್ನು ಹಿಡಿದು ನೋಡಿದಳು. ತುಟಿಗೆ ತಾಗಿಸದೆ ಎತ್ತಿ ಅರ್ಧ ಕುಡಿದಳು.

“ಛಲೋ ಅದ ಅಣ್ಣಾ,” ಎಂದಳು. “ಈಗ ನಾ ಈ ಮನಿ ಪಾವಣೇರ ಪೈಕಿ ಆದೆ ನೋಡು. ಅದಕ್ಕ ಸಿಕ್ತು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಆ ಸಿಟ್ಟನ್ನೆಲ್ಲ ಇಷ್ಟು ವರ್ಷ ನಾನೇ ಹೊತ್ತಿದ್ದೆ ಎಂದು ಆಗ ತಿಳಿಯಿತು. ಯಜಮಾನರು ಅವಳ ಕಾಲು ನೋಡಿದರು. ನೋಡಿದವರು ಮತ್ತೆ ತಲೆ ಎತ್ತಲಿಲ್ಲ. ನೀಲಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ತಿರುಗಿ ಉಳಿದ ಅರ್ಧ ಗ್ಲಾಸು ಚಾಚಿದಳು.

“ನೀವು ಕುಡೀರಿ ವೈನಿ. ನೀವು ಇನ್ನೂ ಮನಿಯವರೇ ಇದ್ದೀರಿ.”

ಕುಡಿದೆ. ಪಡಸಾಲೆಯ ನಡುವೆ ನಿಂತು, ಅವರಿಬ್ಬರ ಎದುರು. ನೀರಿಗೆ ಯಾವ ವಿಶೇಷ ರುಚಿಯೂ ಇರಲಿಲ್ಲ.