ದೂರ ಹೋದವರಿಗೆ ಹೇಳದ ಸುದ್ದಿ

ಕಾಸರಕೋಡಿನ ಮೀನುಗಾರರ ಕೇರಿಯಲ್ಲಿ ಮಂಜಿಯ ಬಾಯಿಗೆ ಹೆದರದವರಿಲ್ಲ. ಇಡಗುಂಜಿ ಕಡೆಯ ಹಳ್ಳಿಗಳಲ್ಲಿ ಮನೆಮನೆಗೆ ಮೀನು ಮಾರುವವಳು ಅವಳು. ಬಂಗಡೆಯ ಕಿವಿರು ಎತ್ತಿ ನೋಡಿ ಮೂಗು ಮುರಿಯುವ ಗಿರಾಕಿಗೆ, "ಮೀನಿನ ಜಾತಕ ನೋಡೂಕೆ ಬಂದ್ರೋ, ತಿಂಬೂಕೆ ತಕಂಬೂಕೆ ಬಂದ್ರೋ?" ಎಂದು ನಡುರಸ್ತೆಯಲ್ಲೇ ಕೇಳಿಬಿಡುತ್ತಾಳೆ. ಎದುರಿಗಿದ್ದವರು ಮಾಸ್ತರಾದರೂ ಅಷ್ಟೇ, ಪೊಲೀಸರಾದರೂ ಅಷ್ಟೇ. ಇಂಥ ಮಂಜಿ ಒಂದೇ ಒಂದು ಮಾತನ್ನು ಹೇಳಬೇಕಾದ ಹೊತ್ತಿಗೆ ಹೇಳದೆ ನುಂಗಿಕೊಂಡಳು. ಅದು ಇವತ್ತಿಗೂ ಅವಳ ಗಂಟಲಲ್ಲೇ ಇದೆ.

ಆ ಕೇರಿಯಲ್ಲಿ ಒಂದು ರೂಢಿಯಿತ್ತು. ಕಡಲಿಗೆ ಹೋದವರಿಗೆ ದಡದಿಂದ ಕೆಟ್ಟ ಸುದ್ದಿ ಮುಟ್ಟಿಸುವ ಹಾಗಿಲ್ಲ. ಬಲೆ ಎಳೆಯುವವನ ಮನಸ್ಸು ಮನೆ ಕಡೆ ಹರಿದರೆ ಕಾಲು ಜಾರುವುದು ಎಷ್ಟು ಹೊತ್ತಿನ ಕೆಲಸ? ಮೊದಲಾದರೆ ಮುಟ್ಟಿಸುವ ದಾರಿಯೇ ಇರಲಿಲ್ಲ. ಬೋಟಿಗೆ ವೈರ್‌ಲೆಸ್ ಬಂತು, ಆಮೇಲೆ ಕಿಸೆಗೆ ಫೋನೂ ಬಂತು. ರೂಢಿ ಮಾತ್ರ ಇದ್ದ ಹಾಗೇ ಉಳಿಯಿತು. ಸತ್ತರೂ, ಸುಟ್ಟರೂ, ದಡದವರು ಫೋನಿನಲ್ಲಿ "ಎಲ್ಲ ಆರಾಮ" ಎನ್ನಬೇಕು, ಬೋಟು ಬಂದ ಮೇಲೆ ಎದುರಿಗೆ ಕೂರಿಸಿಕೊಂಡು ಹೇಳಬೇಕು.

ಮಂಜಿಗೆ ಇದನ್ನು ಕಲಿಸಿದವಳು ಅವಳ ಅತ್ತೆ ಸುಬ್ಬಿ. ಮದುವೆಯಾದ ಹೊಸದರಲ್ಲಿ ಮಂಜಿಯ ಅಪ್ಪ ತೀರಿಕೊಂಡಾಗ ಗಂಡ ಜಗದೀಶ ರತ್ನಾಗಿರಿ ಕಡೆ ಬೋಟಿನಲ್ಲಿದ್ದ. ಫೋನು ಬಂದಾಗ ಸುಬ್ಬಿ ಸೊಸೆಯ ಕೈ ಹಿಡಿದು, "ಈಗ ಅಳೂದಾದ್ರೆ ಅಳು. ಫೋನಲ್ಲಿ ಮಾತ್ರ ಅಳ್ಬೇಡ, ಅವ ನೀರ ಮೇಲೆ ಇದ್ದ" ಎಂದಳು. ಮಂಜಿ ಸೆರಗಿನಿಂದ ಮುಖ ಒರೆಸಿಕೊಂಡು, ಊಟ ಆಯಿತಾ, ಮೀನು ಸಿಕ್ಕಿತಾ ಎಂದೆಲ್ಲ ಗಂಡನನ್ನು ವಿಚಾರಿಸಿದಳು. ಕೇರಿಯೇ ಅವಳನ್ನು ಹೊಗಳಿತು. ಗಟ್ಟಿಗಿತ್ತಿ ಎಂಬ ಹೆಸರು ಅವಳಿಗೆ ಅಂಟಿದ್ದು ಅವತ್ತಿನಿಂದ. ಅದರ ಮೇಲೆ ಅವಳಿಗೊಂದು ಜಂಬವೂ ಇತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮಗಳು ರಂಜಿತಾಳನ್ನು ಹೆತ್ತವಳು ಮಂಜಿ, ಬೆಳೆಸಿದವಳು ಸುಬ್ಬಿ. ತಾಯಿ ಬೆಳಕು ಹರಿಯುವ ಮೊದಲೇ ಮೀನಿನ ಬುಟ್ಟಿ ಹೊತ್ತು ಹೋದರೆ ಮಗುವಿಗೆ ಗಂಜಿ ಕುಡಿಸಿ, ಜಡೆ ಹೆಣೆದು ಶಾಲೆಗೆ ಕಳಿಸುವವಳು ಅಜ್ಜಿ. ಹುಡುಗಿ ಪಿಯುಸಿ ಮುಗಿಸಿ, ಧಾರವಾಡದಲ್ಲಿ ಬಿಎಸ್ಸಿಗೆ ಸೀಟು ಸಿಕ್ಕಿತು ಎಂದಾಗಲೂ ಓಡಿ ಹೋಗಿ ಹೇಳಿದ್ದು ಅಜ್ಜಿಗೇ. ಆ ಕೇರಿಯಿಂದ ಹೆಣ್ಣುಮಗಳೊಬ್ಬಳು ಓದಲು ಘಟ್ಟ ಹತ್ತುತ್ತಿದ್ದದ್ದು ಅದೇ ಮೊದಲು.

ಮಳೆಗಾಲದ ತುಂಬ ಮನೆಯಲ್ಲಿ ಅದೇ ಗಡಿಬಿಡಿ. ಮಂಜಿ ಹೊನ್ನಾವರದ ಪೇಟೆಯಿಂದ ಬಕೆಟು, ಮಗ್ಗು, ಬೀಗ, ಬೆಡ್‌ಶೀಟು ಒಂದೊಂದಾಗಿ ತಂದು ಗುಡ್ಡೆ ಹಾಕಿದಳು. ಮಳೆಯಲ್ಲಿ ಬಟ್ಟೆ ಒಣಗದೆ, ಒಣಗಿದ್ದಕ್ಕೆ ಅಟ್ಟದ ಮೇಲಿನ ಒಣಮೀನಿನ ವಾಸನೆ ಹತ್ತಿ, ಮತ್ತೆ ತೊಳೆದು, ಮತ್ತೆ ಹರವಿ ಅವಳಿಗೆ ಸಾಕುಬೇಕಾಯಿತು. ಚಾದರ ಮಡಚುವುದು ಹೇಗೆ, ರೂಮಿನ ಬೀಗದ ಕೈ ಎಲ್ಲಿಡಬೇಕು, ಬಸ್ಸಿನಲ್ಲಿ ಪಕ್ಕಕ್ಕೆ ಯಾರಾದರೂ ಒತ್ತಿ ಕೂತರೆ ಎಂತ ಬಯ್ಯಬೇಕು, ಎಲ್ಲ ಪಾಠವೂ ಆಯಿತು. ಬಯ್ಯುವ ಪಾಠವನ್ನು ಮಾತ್ರ ರಂಜಿತಾ, "ಅದು ನಂಗೆ ರಕ್ತದಲ್ಲೇ ಬಂದದೆ ಅಮ್ಮ" ಎಂದು ಅರ್ಧಕ್ಕೇ ನಿಲ್ಲಿಸಿದಳು.

ಸುಬ್ಬಿಯ ತಯಾರಿ ಬೇರೆಯೇ ಇತ್ತು. ಒಣ ಸಿಗಡಿ ಹುರಿದು ಕುಟ್ಟಿ ಚಟ್ನಿ ಮಾಡಿದಳು, ಸಾರಿನ ಹುಳಿಗೆಂದು ಮುರುಗಲ ಸಿಪ್ಪೆ ಕಟ್ಟಿಕೊಟ್ಟಳು. ಆಮೇಲೆ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ಗಂಭೀರವಾಗಿ ಕೇಳಿದಳು.

"ಧಾರವಾಡದಲ್ಲಿ ಕಡಲು ಯಾವ ಬದಿಗೆ ಬತ್ತದೆ?"

"ಅಲ್ಲಿ ಕಡಲೇ ಇಲ್ಲ ಅಜ್ಜಿ."

"ಮತ್ತೆ ದಿಕ್ಕು ಹ್ಯಾಂಗೆ ಗೊತ್ತಾತದೆ ಅವ್ರಿಗೆ?"

ರಂಜಿತಾ ಬಿದ್ದು ಬಿದ್ದು ನಕ್ಕಳು. ಸುಬ್ಬಿಗೆ ಅದು ನಗುವ ವಿಷಯವೇ ಆಗಿರಲಿಲ್ಲ. ಕಡಲಿಲ್ಲದ ಊರಿಗೆ ಕೂಸನ್ನು ಕಳಿಸುವುದೆಂದರೆ ಎಂತದು ಎಂದು ಆ ದಿನವಿಡೀ ಗೊಣಗಿದಳು.

ಹೊರಡುವ ಮುಂಚಿನ ದಿನ ಅಜ್ಜಿ ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಮಂಜಿ ಸೂಟ್‌ಕೇಸಿನ ಮೇಲೆ ಮಂಡಿಯೂರಿ ಜಿಪ್ಪು ಎಳೆಯುತ್ತಿದ್ದಳು. ಸುಬ್ಬಿ ಎಣ್ಣೆ ಬಟ್ಟಲು ಒಳಗಿಡಲು ಎದ್ದುಹೋದದ್ದೇ ತಡ, ರಂಜಿತಾ ತಾಯಿಯ ಹತ್ತಿರ ಸರಿದು ಕೂತಳು.

"ಅಮ್ಮ, ಅಜ್ಜಿಗೆ ಎಂತಾದ್ರೂ ಆದ್ರೆ ನಂಗೆ ಫೋನ್ ಮಾಡೂಕು. ಬೋಟಿನವರಿಗೆ ಮಾಡಿದ ಹಾಂಗೆ ಮಾಡೂಕಾಗ. ಸಣ್ಣ ಜ್ವರ ಬಂದ್ರೂ ಹೇಳೂಕು."

"ಆತು ಮಾರಾಯ್ತಿ, ಮಾಡ್ತೆ. ಈಗ ಈ ಜಿಪ್ಪು ಹಿಡಿ."

ಮಂಜಿ ಆ ಮಾತನ್ನು ಕೊಟ್ಟದ್ದು ಹಾಗೆ, ಜಿಪ್ಪಿನ ಮೇಲೆ ಕಣ್ಣಿಟ್ಟುಕೊಂಡು. ಮರುದಿನ ಅವಳೇ ಮಗಳನ್ನು ಧಾರವಾಡಕ್ಕೆ ಕರೆದುಕೊಂಡು ಹೋಗಿ ಹಾಸ್ಟೆಲಿನಲ್ಲಿ ಬಿಟ್ಟು ಬಂದಳು. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟುವ ದೂರ. ಇಷ್ಟೇನಾ ಎಂದು ಅವಳಿಗೇ ಅನಿಸಿತ್ತು.

ನವರಾತ್ರಿಗೆ ಇನ್ನೂ ಸ್ವಲ್ಪ ದಿನವಿರುವಾಗ ಸುಬ್ಬಿ ಮಲಗಿದಳು. ಮೊದಲು ಕಫ, ಆಮೇಲೆ ಉಸಿರು ಹಿಡಿಯಿತು. ದೊಡ್ಡಾಸ್ಪತ್ರೆಗೆ ಸೇರಿಸಿ, ಇನ್ನು ಮನೆಗೇ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ ಮೇಲೆ ವಾಪಸು ತಂದರು. ರಂಜಿತಾಳಿಗೆ ಆಗ ಮೊದಲ ಪರೀಕ್ಷೆ. ಸಂಜೆ ಫೋನು ಬಂದಾಗೆಲ್ಲ ಮಂಜಿ, "ಅಜ್ಜಿ ಮಲಗಿದ್ದು", "ಅಜ್ಜಿ ಆಚೆಮನೆ ಹಮ್ಮನಲ್ಲಿಗೆ ಹೋಗಿದ್ದು" ಎನ್ನುತ್ತಿದ್ದಳು. ವಿಡಿಯೋ ಕಾಲ್ ಮಾಡು ಎಂದರೆ ನೆಟ್ ಇಲ್ಲ ಎನ್ನುತ್ತಿದ್ದಳು. ಯಾರೂ ಅವಳಿಗೆ ಹಾಗೆ ಹೇಳು ಎಂದಿರಲಿಲ್ಲ. ದೂರ ಇರುವವರ ಜೊತೆ ಬೇರೆ ಹೇಗೆ ಮಾತಾಡುವುದೆಂದು ಆ ನಾಲಿಗೆಗೆ ಗೊತ್ತೇ ಇರಲಿಲ್ಲ.

ಒಂದು ಮಧ್ಯಾಹ್ನ ಸುಬ್ಬಿ ಕಣ್ಣು ತೆರೆದು, "ಕೂಸಿಗೆ ಹೇಳಿದ್ಯಾ?" ಎಂದಳು.

"ಅದಕ್ಕೆ ಪರೀಕ್ಷೆ ಅದೆ ಅತ್ತೆ. ದೂರ ಇದ್ದವರಿಗೆ ಹೇಳಿ ಎಂತ ಮಾಡೂದು? ನೀವೇ ಹೇಳ್ತಿದ್ರಿ."

ಸುಬ್ಬಿ ಗೋಡೆಯ ಕಡೆ ತಿರುಗಿ ಮಲಗಿದಳು. ಆ ಮುದುಕಿಗೆ ಮೊಮ್ಮಗಳನ್ನು ನೋಡಬೇಕಿತ್ತು, ಆದರೆ ಜೀವಮಾನವಿಡೀ ತಾನೇ ಹೇಳಿಕೊಂಡು ಬಂದ ಮಾತನ್ನು ಮುರಿ ಎಂದು ಬಾಯಿಬಿಟ್ಟು ಕೇಳಲು ಆಗಲಿಲ್ಲ. ಇದು ಮಂಜಿಗೆ ಆಗ ತಿಳಿಯಲಿಲ್ಲ. ತಿಳಿಯುವ ಹೊತ್ತಿಗೆ ಸುಬ್ಬಿ ಇರಲಿಲ್ಲ.

ಅತ್ತೆ ಹೋದ ದಿನ ಜಗದೀಶನ ಬೋಟು ದಡದಲ್ಲೇ ಇತ್ತು. ಹೆಣವನ್ನು ಅಂಗಳಕ್ಕೆ ತಂದ ಮೇಲೆ ಅವನು ಹೆಂಡತಿಯನ್ನು ಪಕ್ಕಕ್ಕೆ ಕರೆದು, "ಕೂಸಿಗೊಂದು ಫೋನ್ ಮಾಡೂದಾ? ಸಂಜೆ ಒಳಗೆ ಬತ್ತದೆ" ಎಂದ. "ನಾಳೆ ಅದರ ಕಡೇ ಪೇಪರು. ಮುಗೀಲಿ" ಎಂದಳು ಮಂಜಿ. ಅವನು ಚಟ್ಟ ಕಟ್ಟುವವರ ಕಡೆ ಹೋದ. ಆಚೆಮನೆಯ ಮುದುಕಿ ಹಮ್ಮ, "ಮೊಮ್ಮಗಳು?" ಎಂದು ಕೇಳಿದಾಗ ಮಂಜಿ, "ಅದು ದೂರ ಅದೆ" ಎಂದಳು. ಅಷ್ಟು ಸಾಕಾಯಿತು. ಕೇರಿಯ ಹುಡುಗರು ತಾವಾಗಿಯೇ ವಾಟ್ಸಾಪಿನ ಸ್ಟೇಟಸ್ಸಿಗೆ ಹಾಕಿದ್ದ ಸುಬ್ಬಿಯ ಫೋಟೋ ಅಳಿಸಿದರು. ರಂಜಿತಾಳ ಗೆಳತಿ ಸುಮಿತ ಕೂಡ ಬಾಯಿ ಹೊಲಿದುಕೊಂಡಳು. ಇಡೀ ಕೇರಿ ಸೇರಿ ಒಂದು ಹುಡುಗಿಯನ್ನು ಕಾಪಾಡುತ್ತಿದ್ದೇವೆ ಎಂದುಕೊಂಡಿತು.

ಪರೀಕ್ಷೆ ಮುಗಿಯಿತು. ಮಂಜಿ ಹೇಳಲಿಲ್ಲ. ಇನ್ನು ಹೇಳಿದರೆ ಯಾಕೆ ತಡ ಎಂದು ಕೇಳುತ್ತಾಳೆ. ದೀಪಾವಳಿಗೆ ಹೇಗೂ ಬರುತ್ತಾಳೆ, ಎದುರಿಗೆ ಕೂರಿಸಿಕೊಂಡೇ ಹೇಳಿದರಾಯಿತು ಎಂದು ಮುಂದೆ ಹಾಕಿದಳು. ಸುಬ್ಬಿಯ ಹನ್ನೆರಡನೆಯ ದಿನದ ಕಾರ್ಯಕ್ಕೆ ಮನೆ ತುಂಬ ಜನ ಊಟಕ್ಕೆ ಕೂತಿದ್ದಾಗ ಅವಳ ಫೋನು ಗುಂಯ್‌ಗುಟ್ಟಿತು. ಹಾಸ್ಟೆಲಿನ ನವರಾತ್ರಿಯ ಫೋಟೋ. ರಂಜಿತಾ ಹಸಿರು ಸೀರೆ ಉಟ್ಟು, ತಲೆ ತುಂಬ ಸೇವಂತಿಗೆ ಮುಡಿದು, ಎರಡು ಕೈ ಎತ್ತಿ ಕುಣಿಯುತ್ತಿದ್ದಾಳೆ. ಕೆಳಗೆ, "ಅಜ್ಜಿಗೆ ತೋರಿಸು" ಎಂದು ಬರೆದಿದ್ದಾಳೆ. ಸೂತಕದ ಮನೆಯ ಕೂಸು, ಹೂ ಮುಡಿದು ಕುಣಿಯುತ್ತಿದೆ! ಬಡಿಸುವವರು ಅನ್ನಕ್ಕೆ ಕೂಗುತ್ತಿದ್ದರು. ಮಂಜಿ ಅವಸರದಲ್ಲಿ, "ತೋರಿಸಿದೆ. ಚಂದ ಅದೆ ಅಂದ್ಲು" ಎಂದು ಒತ್ತಿ ಕಳಿಸಿಬಿಟ್ಟಳು.

ದೀಪಾವಳಿಗೆ ರಂಜಿತಾ ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಮಂಜಿ ಕಾದು ನಿಂತಿದ್ದಳು. ಕೇರಿಯ ಗಣೇಶನ ರಿಕ್ಷಾ. ಹುಡುಗಿ ಸ್ವಲ್ಪ ತೆಳ್ಳಗಾಗಿದ್ದಳು, ಮಾತು ಮಾತ್ರ ದುಪ್ಪಟ್ಟಾಗಿತ್ತು. ರಿಕ್ಷಾ ಹತ್ತುತ್ತಲೇ, "ಗಣೇಶಣ್ಣ, ನಮ್ಮನೆ ಹತ್ರ ಹಾರ್ನ್ ಹಾಕ್ಬೇಡ. ಹಿಂದಿಂದ ಹೋಗಿ ಅಜ್ಜಿ ಕಣ್ಣು ಮುಚ್ತೆ" ಎಂದಳು. ಗಣೇಶ ಕನ್ನಡಿಯಲ್ಲಿ ಮಂಜಿಯನ್ನು ನೋಡಿದ. ಶರಾವತಿಯ ಸೇತುವೆ ಬಂತು. ಅದು ದಾಟಿದರೆ ಕೇರಿ. ಇನ್ನು ಹೇಳದೆ ದಾರಿಯಿರಲಿಲ್ಲ.

"ಅಜ್ಜಿ ಇಲ್ಲ ಮಗಾ."

"ಎಲ್ಲಿಗೆ ಹೋಗಿದ್ದು?"

ಮಂಜಿ ಅವಳ ಮಂಡಿಯ ಮೇಲೆ ಕೈಯಿಟ್ಟಳು. ರಂಜಿತಾಳ ಮುಖ ನಿಧಾನಕ್ಕೆ ಬದಲಾಯಿತು.

"ಯಾವಾಗ?"

"ನವರಾತ್ರಿಗೂ ಮೊದ್ಲು."

ಹುಡುಗಿ ಹೊಳೆಯ ಕಡೆ ನೋಡಿದಳು. ಗಣೇಶ ಸೇತುವೆಯ ಮೇಲೆ ವೇಗ ತಗ್ಗಿಸಿದ್ದ. ಹಿಂದಿನ ಲಾರಿಯವನು ಹಾರ್ನ್ ಹೊಡೆದೇ ಹೊಡೆದ.

"ನಾ ಫೋಟೋ ಕಳ್ಸಿದಾಗ ಅಜ್ಜಿ ಇರ್ಲಿಲ್ಲ."

"ಇಲ್ಲ ಮಗಾ. ನಿಂಗೆ ತೊಂದ್ರೆ ಆಗ್ಬಾರ್ದು ಅಂತ..."

"ಚಂದ ಅದೆ ಅಂದ್ಲು ಅಂತ ಬರ್ದಿದ್ದೆ ನೀ."

ಮಂಜಿ ಬಯ್ಗುಳಕ್ಕೆ ತಯಾರಾಗಿದ್ದಳು, ಅಳುವಿಗೂ ತಯಾರಾಗಿದ್ದಳು. ರಂಜಿತಾ ಆಗ ಎರಡನ್ನೂ ಮಾಡಲಿಲ್ಲ. ಕೇರಿ ಮುಟ್ಟಿದ ಮೇಲೆ ಹಮ್ಮನನ್ನು, ಸುಮಿತಳನ್ನು, ಬಾಗಿಲಿಗೆ ಬಂದ ಒಬ್ಬೊಬ್ಬರನ್ನೂ ಕೇಳಿದಳು: "ನಿಂಗೆ ಗೊತ್ತಿತ್ತಾ? ನಿಂಗೂ ಗೊತ್ತಿತ್ತಾ?" ಎಲ್ಲರಿಗೂ ಗೊತ್ತಿತ್ತು. ಹಮ್ಮ, "ದೂರ ಇದ್ದವರಿಗೆ ಹೇಳೂಕಾಗ ಮಗಾ" ಎಂದಳು. ರಂಜಿತಾ ಒಳಗೆ ಹೋಗಿ ಅಜ್ಜಿಯ ಚಾಪೆ ಬಿಡಿಸಿಕೊಂಡು ಮಲಗಿದಳು, ಅತ್ತದ್ದು ಅಲ್ಲಿ. ಮಂಜಿ ತಲೆ ಸವರಲು ಹೋದರೆ ಮೆತ್ತಗೆ ಕೈ ಸರಿಸಿದಳು. ರಜೆ ಮುಗಿಯುವ ಮೊದಲೇ ವಾಪಸು ಹೊರಟಳು.

ಆಮೇಲೆ ಫೋನು ತಪ್ಪಲಿಲ್ಲ. ದಿನಾ ಸಂಜೆ ಬರುತ್ತಿತ್ತು. ಊಟ ಆಯಿತು, ಆರಾಮ, ಓದುತ್ತಿದ್ದೇನೆ. ಮುನಿಸು ಇಳಿಯಿತು ಎಂದು ಮಂಜಿ ಸಮಾಧಾನಪಟ್ಟುಕೊಂಡಳು. ಚಳಿಗಾಲ ಕಳೆದ ಮೇಲೆ ಸುಮಿತ ಒಂದು ದಿನ ಬಾಯಿತಪ್ಪಿ ಆಡಿದ ಮಾತಿನಿಂದ ಗೊತ್ತಾಯಿತು: ರಂಜಿತಾ ಟೈಫಾಯಿಡ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದಳು, ಸಲಾಯಿನ್ ಏರಿಸಿದ್ದರು, ರೂಮಿನ ಹುಡುಗಿಯರು ಸರದಿಯಂತೆ ಕಾದಿದ್ದರು. ಆ ದಿನಗಳಲ್ಲೂ ಸಂಜೆ ಫೋನು ಬಂದಿತ್ತು. ಸ್ವರ ಯಾಕೆ ಸಣ್ಣ ಎಂದು ತಾಯಿ ಕೇಳಿದ್ದಕ್ಕೆ, "ಮಲಗಿ ಎದ್ದೆ" ಎಂದಿದ್ದಳು. ಮಂಜಿ ನಂಬಿದ್ದಳು.

ಮರುದಿನ ಮೀನಿಗೆ ಹೋಗದೆ ಮೊದಲ ಬಸ್ಸಿಗೇ ಹೊರಟಳು. ಇದೇ ರಸ್ತೆ ಅತ್ತೆ ಮಲಗಿದಾಗಲೂ ಇತ್ತಲ್ಲ! ನನ್ನ ಅಪ್ಪ ಸತ್ತಾಗ ಜಗದೀಶನಿಗೆ ನೀರು ಅಡ್ಡ ಇತ್ತು, ನನ್ನ ಮಗಳಿಗೆ ಎಂತ ಅಡ್ಡ ಇತ್ತು? ಒಂದು ಬಸ್ಸು. ಸುಬ್ಬಿ ಇನ್ನೂ ಕಣ್ಣು ಬಿಡುತ್ತಿದ್ದ ದಿನಗಳಲ್ಲಿ ಕೂಸು ಈ ಬಸ್ಸು ಹತ್ತಿ ಬಂದು ಕೈ ಹಿಡಿದು ಕೂರಬಹುದಿತ್ತು. ಘಟ್ಟ ಹತ್ತುವಷ್ಟು ಹೊತ್ತೂ ಮಂಜಿ ತನ್ನನ್ನೇ ಬಯ್ದುಕೊಂಡಳು. ಊರಿಗೆಲ್ಲ ಬಯ್ಯುವ ಬಾಯಿಗೆ ತನಗೆ ಬಯ್ಯಲು ಮಾತು ಸಾಲಲಿಲ್ಲ.

ಹಾಸ್ಟೆಲಿನ ಗೇಟಿಗೆ ಬಂದ ರಂಜಿತಾ ಸೊರಗಿದ್ದಳು. ಅಂಗಿಯ ತೋಳು ಸಡಿಲವಾಗಿತ್ತು. ಮಂಜಿ ಅವಳ ಹಣೆ ಮುಟ್ಟಿ, ಕತ್ತು ಮುಟ್ಟಿ ನೋಡಿದಳು.

"ಎಂತಕೆ ಹೇಳಿಲ್ಲ ಮಗಾ?"

"ದೂರ ಇದ್ರಿ ಅಮ್ಮ. ನಿಮ್ಮ ತಲೆ ಬಿಸಿ ಮಾಡಿ ಎಂತ ಆಗೂದಿತ್ತು?"

ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಮಂಜಿಗೆ ಉತ್ತರ ಕೊಡುವುದು ಗೊತ್ತಿತ್ತು. "ತಪ್ಪಾತು ಮಗಾ, ನಂದು ತಪ್ಪಾತು" ಎಂದಳು. ಅಷ್ಟು ವರ್ಷದಲ್ಲಿ ಅವಳ ಬಾಯಿಂದ ಯಾರೂ ಕೇಳದ ಮಾತು ಅದು. ರಂಜಿತಾ ತಾಯಿಯ ಸೆರಗು ಸರಿಮಾಡಿ, "ಇರ್ಲಿ ಬಿಡು" ಎಂದಳು. ಗೇಟಿನ ಪಕ್ಕದ ಕಟ್ಟೆಯ ಮೇಲೆ ಇಬ್ಬರೂ ಕೂತರು.

"ಮನೇಲಿ ಎಲ್ಲ ಆರಾಮಾ? ಅಪ್ಪ?"

"ಎಲ್ಲ ಆರಾಮ. ಅಪ್ಪ ನಿನ್ನೆ ದಡಕ್ಕೆ ಬಂದಾರೆ, ಮನೇಲೇ ಇದಾರೆ."

ಈ "ಎಲ್ಲ ಆರಾಮ" ನಿಜವೇ ಎಂಬಂತೆ ರಂಜಿತಾ ತಾಯಿಯ ಮುಖ ನೋಡಿದಳು. ಆಮೇಲೆ ಫೋನು ತೆಗೆದು ಅಪ್ಪನಿಗೆ ಹಚ್ಚಿದಳು. ಮಂಜಿ ಅವಳ ಪಕ್ಕದಲ್ಲಿ ತಲೆ ತಗ್ಗಿಸಿ ಕೂತು, ಆ ಕಡೆಯಿಂದ ಜಗದೀಶನ ಸ್ವರ ಬರುವವರೆಗೂ ಕಾದಳು.