ಮೂರು ನಗುವ ಮುಖ

ನಮ್ಮ ಸೋದರತ್ತೆಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಇಲ್ಲ. ಶಾಲೆಗೆ ಹೋದವಳಲ್ಲ. ಬಲಸಮುದ್ರದ ಕಡೆ ಕುರಿ ಮೇಯಿಸುತ್ತಾಳೆ. ಮೊಬೈಲಿನಲ್ಲಿ ಎಮೋಜಿ ಹುಡುಕಿ ಕಳಿಸುವುದನ್ನು ನಾನೇ ಕಲಿಸಿದ್ದೆ. ತಟ್ಟೆ ಬಂದರೆ ಊಟವಾಯಿತು, ಕುರಿ ಬಂದರೆ ಮಂದೆ ಮನೆ ಕಡೆ ತಿರುಗಿತು.

ಅವತ್ತು ಭಾನುವಾರ, ಊರಿಗೆ ಬಂದಿದ್ದೆ. ಮಧ್ಯಾಹ್ನ ಅತ್ತೆಯಿಂದ ಒಂದು ಪಾದ, ಪಕ್ಕದಲ್ಲಿ ಮುಗಿದ ಕೈ ಬಂತು. ಕೊರಟಗೆರೆಯ ಕಾಲೇಜಿನಲ್ಲಿ ನನಗೆ ಪಾಠ ಹೇಳುವ ಕೆಲಸ ಸಿಕ್ಕಿ ಒಂದು ವಾರವಾಗಿತ್ತು. ‘ಮೇಷ್ಟ್ರ ಪಾದಕ್ಕೆ ಶರಣು’ ಅಂತ ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುವ ಮುಖ ಮೂರು ಒತ್ತಿ ಕಳಿಸಿದೆ. ಮತ್ತೆ ಅದೇ ಪಾದ, ಅದೇ ಕೈ. ಕಾಳು ಕೇರುತ್ತಿದ್ದ ಅಮ್ಮನಿಗೆ ತೋರಿಸಿದೆ.

ಅಮ್ಮ ಮೊರ ಕೆಳಗಿಟ್ಟಳು. “ಲೇ, ಅವ್ಳು ಗುಡೀಲೂ ಕೈ ಮುಗಿಯಲ್ಲ. ನಾಗಪ್ಪನ್ನ ಕಂಡ್ರೆ ಮಾತ್ರ ಕಣ್ಲಾ!”

ನಮ್ಮಲ್ಲಿ ಹಾವಿನ ಹೆಸರೆತ್ತುವುದಿಲ್ಲ. ಅತ್ತೆ ಬೆರಳಲ್ಲೂ ಅದರ ಆಕಾರ ತೋರಿಸಳು; ಕೈ ಮುಗಿದು ಸುಮ್ಮನಾಗುತ್ತಾಳೆ. ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೂ ನಕ್ಕಿದ್ದೆ.

ಅಮ್ಮ ಹಿಂದೆ ಕೂತು ದಾರಿ ತೋರಿಸಿದಳು. ಬೈಕು ಹೆಂಗೆ ಓಡಿಸಿದೆನೋ ನೆನಪಿಲ್ಲ. ಜಾಲಿ ಮರದ ಕೆಳಗೆ ಅತ್ತೆ ಕೂತಿದ್ದಳು. ಕಾಲು ಊದಿತ್ತು, ರೆಪ್ಪೆ ಜೋಲುತ್ತಿತ್ತು. ಕೈಯಲ್ಲಿ ಹಿಡಿದ ಮೊಬೈಲಿನಲ್ಲಿ ನಾನು ಕಳಿಸಿದ ಮೂರು ನಗು. ಇಬ್ಬರ ನಡುವೆ ಕೂರಿಸಿಕೊಂಡು ಪಾವಗಡದ ಆಸ್ಪತ್ರೆಗೆ ಬಂದೆವು. ಇಂಜೆಕ್ಷನ್ ಏರಿಸಿ ಎಷ್ಟೋ ಹೊತ್ತಾದ ಮೇಲೆ ಡಾಕ್ಟರು, “ಹೊತ್ತಿಗೆ ತಂದ್ರಿ, ಇನ್ನೇನೂ ಭಯ ಇಲ್ಲ” ಅಂದರು.

ಈಗಲೂ ಆ ಮೂರು ಮುಖ ಒತ್ತಿದ ಬೆರಳನ್ನು ಆಗಾಗ ನೋಡಿಕೊಳ್ಳುತ್ತೇನೆ. ಅಮ್ಮನಿಗೆ ತೋರಿಸದೆ ಇದ್ದಿದ್ದರೆ?

ಮೂರನೆಯ ದಿನ ಅತ್ತೆ ಎದ್ದು ಕೂತಳು. ಹಾವಿನ ಎಮೋಜಿ ತೆಗೆದು, ಇನ್ನು ಮೇಲೆ ಇದನ್ನೇ ಒತ್ತು ಅಂತ ಸನ್ನೆ ಮಾಡಿದೆ. ನನ್ನ ಕೈಗೆ ಪಟ್ಟನೆ ಹೊಡೆದು, ಮೊಬೈಲಿಗೇ ಕೈ ಮುಗಿದಳು. ಎಮೋಜಿಗಳನ್ನೆಲ್ಲ ಪಟ್ಟಿ ಮಾಡಿಟ್ಟ ವೆಬ್ ಪುಟ ತೆರೆದು, ಮೇಲಿಂದ ಕೆಳಗೆ ಹುಡುಕಿ ಕೊನೆಗೆ ಆಂಬುಲೆನ್ಸ್ ತೋರಿಸಿದೆ. ಯೋಚಿಸಿ, ಆಗಲಿ ಅಂತ ತಲೆಯಾಡಿಸಿದಳು.

ಆಮೇಲೆ ತನ್ನ ಮೊಬೈಲ್ ತೆಗೆದುಕೊಂಡು ಬಹಳ ಹೊತ್ತು ಏನೋ ಹುಡುಕಿದಳು. ನನ್ನ ಜೇಬು ಗುಂಯ್ ಅಂತು. ಮೂರು ನಗುವ ಮುಖ.

ಅಮ್ಮ ಇಣುಕಿ ನೋಡಿ ಅಂದಳು: “ಬೇಕಿತ್ತಾ ಮೇಷ್ಟ್ರೇ ನಿಮ್ಗೆ?”